ಮಾವನವರೂ ನಾನೂ ಮಾಡಿದ ಬೆಂಚು

ಮೊನ್ನೆ ಸಂಜೆ ತರಕಾರಿಗೆಂದು ಹೊರಟವಳು ಬಟವಾಡಿ ಬಡಾವಣೆಯ ಒಂದು ಅಂಗಡಿಯ ಮುಂದೆ ನಿಂತುಬಿಟ್ಟೆ. ಯಾವುದೋ ಮಿಷನ್ನು ಬಂದಿಳಿದಿತ್ತು. ಅದರ ಮರದ ಪೆಟ್ಟಿಗೆಯನ್ನು ಒಡೆದು ಹಲಗೆಗಳನ್ನು ಫುಟ್‌ಪಾತಿನ ಮೇಲೆ ರಾಶಿ ಹಾಕಿದ್ದರು. ಅಗ್ಗದ ಪ್ಯಾಕಿಂಗ್ ಮರದ ಆ ಅಂಟು ಅಂಟು ವಾಸನೆ ನಿಮಗೂ ಗೊತ್ತಿರಬಹುದು. ನನಗಂತೂ ಅದು ಮೂಗಿಗೆ ಬಿದ್ದರೆ ನಮ್ಮ ಮಾವನವರು ಪಕ್ಕದಲ್ಲೇ ಎಲ್ಲೋ ಕೆಮ್ಮಿದ ಹಾಗಾಗುತ್ತದೆ.

ಮಾವನವರು ಗುಬ್ಬಿಯ ಹತ್ತಿರ ರೈಲ್ವೆ ಗೇಟು ಕಾಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಒಂದು ರೈಲು ಹೋಗಿ ಇನ್ನೊಂದು ಬರುವವರೆಗೆ ಮಾತಾಡಲು ಯಾರೂ ಇಲ್ಲದೆ, ಗೇಟಿನ ಪಕ್ಕ ಕೂತು ಮಣೆ, ಸ್ಟೂಲು ಮಾಡುವುದನ್ನು ತಾವೇ ಕಲಿತುಕೊಂಡಿದ್ದರು. ಮಾತು ಮೊದಲೇ ಕಡಿಮೆ. ನನ್ನ ಜೊತೆಗಂತೂ ಇಲ್ಲವೇ ಇಲ್ಲ. ನಾನೂ ಅವರ ಮಗನೂ ಅವರನ್ನು ಒಂದು ಮಾತು ಕೇಳದೆ ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗಿದ್ದೆವು. ಅವರ ಸಿಟ್ಟಿಗೂ ಕಾರಣವಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಇಪ್ಪತ್ತನಾಲ್ಕು. ಆ ವಯಸ್ಸಿನಲ್ಲಿ ಕಾರಣಗಳೆಲ್ಲ ನಮ್ಮ ಕಡೆಯೇ ಇರುತ್ತವೆ.

ಮದುವೆಯಾದ ಎರಡು ವರ್ಷಕ್ಕೆ ಮಂಡಿನೋವು ಅವರನ್ನು ನಮ್ಮ ಬಾಡಿಗೆ ಮನೆಗೆ ಕರೆತಂದಿತು. ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಒಂದು ತಿಂಗಳ ಚಿಕಿತ್ಸೆ. ನಾವು ಹಾಲ್ ಎಂದು ಹೆಮ್ಮೆಯಿಂದ ಕರೆಯುತ್ತಿದ್ದ ಜಾಗದಲ್ಲಿ ಇದ್ದದ್ದು ನನ್ನ ಹೊಲಿಗೆ ಮಿಷನ್ನು, ಒಂದು ಚಾಪೆ, ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಮಾವನವರು ಕುರ್ಚಿಯಲ್ಲಿ ಕೂತರೆ ಉಳಿದ ಪ್ರಪಂಚವೆಲ್ಲ ನೆಲದ ಮೇಲೆ.

ನಮ್ಮ ಯಜಮಾನರು ಬೆಳಿಗ್ಗೆ ವಸಂತನರಸಾಪುರದ ಫ್ಯಾಕ್ಟರಿಗೆ ಹೋದರೆ ಮನೆಯಲ್ಲಿ ನಾವಿಬ್ಬರೇ. ಮಾತಾಡುವಂತಿಲ್ಲ, ಆಡದೆ ದಿನ ಸಾಗುವಂತಿಲ್ಲ. ಹಾಗಾಗಿ ಮಾವನವರು ಗೋಡೆಯ ಕ್ಯಾಲೆಂಡರಿನ ಜೊತೆ ಮಾತಾಡುತ್ತಿದ್ದರು.

"ಯಾರಾದ್ರೂ ಒಂದ್ ಲೋಟ ಕಾಫಿ ಕೊಟ್ರೆ ಕುಡೀಬೋದಾಗಿತ್ತು."

ನಾನೂ ಕ್ಯಾಲೆಂಡರಿಗೇ ಉತ್ತರ ಕೊಡುತ್ತಿದ್ದೆ. "ಹಾಲು ಇನ್ನೂ ಬಂದಿಲ್ಲ. ಬಂದ ತಕ್ಷಣ ಕೊಡ್ತಾರೆ."

ಯಾರು ಕೊಡುತ್ತಾರೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ಹೀಗೆ ಒಂದು ವಾರ ಕಳೆದ ಮೇಲೆ, ಕುಣಿಗಲ್ಲಿಗೆ ಕೊಟ್ಟಿದ್ದ ನಮ್ಮ ನಾದಿನಿ ಮುಂದಿನ ಭಾನುವಾರ ತನ್ನ ಅತ್ತೆ ಮಾವನ ಜೊತೆ ಅಪ್ಪನನ್ನು ನೋಡಲು ಬರುವುದಾಗಿ ಹೇಳಿ ಕಳಿಸಿದಳು. ಮಾವನವರ ಮುಖ ಚಿಕ್ಕದಾಯಿತು.

"ಬೀಗರನ್ನ ಚಾಪೆ ಮೇಲೆ ಕೂರ್ಸೋ ಹಂಗಾಯ್ತಲ್ಲಪ್ಪ," ಎಂದು ಕ್ಯಾಲೆಂಡರಿಗೆ ಹೇಳಿದರು.

ನನಗೂ ಅದೇ ಚಿಂತೆ. ನಮ್ಮಿಬ್ಬರಿಗೂ ಒಂದೇ ಚಿಂತೆ ಹತ್ತಿದ್ದು ಅದೇ ಮೊದಲು. ಯಜಮಾನರು ಫ್ಯಾಕ್ಟರಿಯಲ್ಲಿ ಕೇಳಿ ಬೆಂಚಿಗೆಂದು ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ತಂದು ಹಾಕಿ, ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದುಕೊಂಡರು.

ಮಾವನವರು ಗುಬ್ಬಿಯ ಮನೆಯಿಂದ ತಮ್ಮ ಗರಗಸ ತರಿಸಿಕೊಂಡು, ಹಲಗೆಯನ್ನು ಕುರ್ಚಿಯ ಮೇಲಿಟ್ಟು ಕುಯ್ಯಲು ನಿಂತರು. ಮಂಡಿ ಬಗ್ಗಿಸಿ ಹಲಗೆಯನ್ನು ಕಾಲಲ್ಲಿ ಅದುಮಿಕೊಳ್ಳುವ ಹಾಗಿರಲಿಲ್ಲ. ಹಲಗೆ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಮೂರನೆಯ ಸಲ ಕ್ಯಾಲೆಂಡರಿನ ಕಡೆ ನೋಡಿದರು. ಪಾಪ, ಅದು ಏನು ಮಾಡೀತು? ಕೊನೆಗೆ ನನ್ನ ಕಡೆ ತಿರುಗಿದರು.

"ಈ ಕಡೆ ಒಸಿ ಗಟ್ಟಿಯಾಗಿ ಹಿಡ್ಕೊಳಮ್ಮ."

ಯಾರದೋ ರವಿಕೆಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದುಹೋಗಿ ಹಿಡಿದುಕೊಂಡೆ. "ಹೀಗಾ ಮಾವ?"

"ಹೂಂ. ಕೈ ಇನ್ನೊಸಿ ಆ ಕಡೀಕೆ ಇಕ್ಕು. ಹಲ್ಗೆ ಯಾವ್ದು, ಸೊಸೆ ಯಾರು ಅಂತ ಗರಗ್ಸಕ್ಕೆ ಗೊತ್ತಾಗಾಕಿಲ್ಲ."

ಹೊಲಿಗೆಯ ಅಳತೆ ಟೇಪು ನನ್ನದಾದ್ದರಿಂದ ಅಳತೆಯ ಕೆಲಸವೂ ನನ್ನದೇ ಆಯಿತು. ಅವರು ಹೇಳಿದಂತೆ ಬೆಂಚಿನ ನಾಲ್ಕು ಕಾಲಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅವರು ನಂಬಿ ಕುಯ್ದರು, ನಾನು ಮೊಳೆ ಎತ್ತಿಕೊಟ್ಟೆ. ಶನಿವಾರ ಎಲ್ಲ ಮುಗಿಸಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಕೂತು ನೋಡಿದರೆ ನನ್ನ ಪಾದ ನೆಲಕ್ಕೆ ಎಟುಕಲಿಲ್ಲ. ಹೊಲಿಯುವವಳ ಕೈ ನೋಡಿ. ಬಟ್ಟೆಯಲ್ಲಿ ಹೊಲಿಗೆಗೆಂದು ಹೆಚ್ಚು ಬಿಡುವ ಹಾಗೆ ಒಂದೊಂದು ಕಾಲಿಗೂ ಎರಡೆರಡು ಇಂಚು ಬಿಟ್ಟಿತ್ತು.

ಹೆದರಿಕೊಂಡೇ ಹೇಳಿದೆ. ಮಾವನವರು ಬೆಂಚಿನ ಕಾಲನ್ನು ನೋಡಿದರು.

"ಮರಕ್ಕೂ ಹೊಲ್ಗೆ ಬಿಟ್ಟಿದ್ದೀಯೇನಮ್ಮ?"

"ಕುಯ್ದುಬಿಡೋಣ ಮಾವ."

"ಬುಡು. ನಾಲ್ಕೂ ಸಮ ಬರಾಕಿಲ್ಲ. ಕುಂಟೋದ್ಕಿಂತ ಎತ್ತರ ಇರೋದೇ ವಾಸಿ."

ಭಾನುವಾರ ಬೀಗರಿಬ್ಬರೂ ನಾದಿನಿಯೂ ಬೆಂಚಿನ ಮೇಲೆ ಸಾಲಾಗಿ ಕೂತರು. ಮೂರು ಜೊತೆ ಕಾಲುಗಳು ಸ್ಕೂಲು ಮಕ್ಕಳ ಕಾಲಿನ ಹಾಗೆ ನೇತಾಡುತ್ತಿದ್ದವು. ನಾದಿನಿ ಕೆಳಗೆ ನೋಡಿ, "ಇದ್ಯಾರಪ್ಪ ಇಷ್ಟೆತ್ತರ ಮಾಡಿರೋದು? ಅಳ್ತೆ ತಗೊಳಕ್ಕೆ ಬರಲ್ವಾ?" ಅಂದಳು.

ನಾನು ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಅಪ್ಪ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಹೇಳುತ್ತಾರೆಂದು ನಾನೂ ಕಾಯುತ್ತಿದ್ದೆ.

"ನಾನೇ ಹೇಳಿ ಮಾಡಿಸ್ದೆ ಕಣಮ್ಮ," ಅಂದರು ಮಾವನವರು. "ಮಂಡಿನೋವಿರೋನು ಎತ್ತರದಲ್ಲಿ ಕೂತ್ರೆ ಏಳೋದು ಸಲೀಸು. ನನ್ ಸೊಸೆ ನನ್ ಅಳ್ತೆಗೇ ಮಾಡವ್ಳೆ."

ನಾನು ಬಾಗಿಲು ಬಿಟ್ಟು ಬಂದು ಎಲ್ಲರಿಗೂ ಕಾಫಿ ಕೊಟ್ಟೆ.

ತಮಾಷೆಯೆಂದರೆ ಅವರ ಮಂಡಿಗೆ ಆ ಎತ್ತರ ನಿಜವಾಗಿಯೂ ಹಿತವಾಯಿತು. ಒಂದು ತಿಂಗಳಿಗೆಂದು ಬಂದವರು ನಮ್ಮಲ್ಲೇ ಉಳಿದರು. ಆಮೇಲೆ ನಾವಿಬ್ಬರೂ ಸೇರಿ ಒಂದು ಟೀಪಾಯಿ, ಟಿವಿ ಸ್ಟ್ಯಾಂಡು, ಚಪ್ಪಲಿ ಗೂಡು ಮಾಡಿದೆವು. ಯಾವುದೂ ಪೂರ್ತಿ ನೆಟ್ಟಗೆ ನಿಲ್ಲಲಿಲ್ಲ. ಟೀಪಾಯಿಯ ಮೇಲೆ ಲೋಟ ಎಲ್ಲಿ ಇಡಬೇಕೆಂಬುದನ್ನು ಮನೆಗೆ ಬಂದವರಿಗೆಲ್ಲ ಮೊದಲೇ ಹೇಳಿಕೊಡುತ್ತಿದ್ದೆವು. ಮಾವನವರು ಹೋಗಿ ಈಗ ಎಷ್ಟೋ ವರ್ಷಗಳಾದವು.

ಈ ಕಥೆಯನ್ನು ನೆಂಟರ ನಡುವೆ ಎಷ್ಟೋ ಸಲ ಹೇಳಿದ್ದೇನೆ. ಸೊಸೆಯ ಜೊತೆ ಮಾತಾಡದ ಹಟಮಾರಿ ಮುದುಕ ಎಂದು ಎಲ್ಲರನ್ನೂ ನಗಿಸಿದ್ದೇನೆ. ಮೊನ್ನೆ ತರಕಾರಿ ಚೀಲ ಹಿಡಿದು ನಿಂತಿದ್ದಾಗ ಒಂದು ವಿಷಯ ಹೊಳೆಯಿತು. ನಾನೂ ಮಾತಾಡಿರಲಿಲ್ಲ. "ಮಾವ, ಕಾಫಿ ತಗೊಳಿ" ಎನ್ನಲು ನನ್ನನ್ನು ಯಾರೂ ತಡೆದಿರಲಿಲ್ಲ. ಹೇಳದೆ ಕೇಳದೆ ಮದುವೆಯಾದವಳು ನಾನು, ಚಿಕ್ಕವಳು ನಾನು. ಮೊದಲ ಮಾತು ಆಡಿದವರು ಮಾತ್ರ ಅವರು.

ಮನೆಗೆ ಬಂದು ಯಜಮಾನರಿಗೆ ಇದನ್ನು ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತಿ, "ಇನ್ಮೇಲೆ ಕಥೇನ ಹಿಂಗೇ ಹೇಳ್ತೀಯಾ? ಅಷ್ಟು ನಗು ಬರಲ್ಲ," ಅಂದರು.

"ಬರದಿದ್ರೆ ಬೇಡ," ಅಂದೆ.

ಕಥೆಯನ್ನು ಹಾಗೆ ಹೇಳಿದ್ದು ಇದೇ ಮೊದಲು, ನಿಮ್ಮ ಹತ್ತಿರ.