ಪ್ಲಾಸ್ಟಿಕ್ಕಿಗೂ ಒಂದು ಹದ

ಫಿಸಿಕ್ಸ್ ಮೇಷ್ಟ್ರ ಮಾತು ಕೇಳಿ ಕೆಲಸ ಕೆಟ್ಟದ್ದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ಮೇಷ್ಟ್ರು ನಾನೇ.

ಕಳೆದ ವಾರ ತಿಕೋಟಾದಿಂದ ನನ್ನ ತಮ್ಮ ಶಿವಪ್ಪ ಬೆಳಗಿನ ಬಸ್ಸಿಗೆ ವಿಜಾಪುರಕ್ಕೆ ಬಂದ. ದ್ರಾಕ್ಷಿ ಎಲೆಗೆ ರೋಗ ಬಿದ್ದಿತ್ತು, ಔಷಧಿ ಹೊಡೆಯುವ ಪಂಪಿನ ಹಿಡಿಕೆ ಮುರಿದಿತ್ತು. ಸಂಜೆಯೊಳಗೆ ಹೊಡೆಯದಿದ್ದರೆ ಈ ವರ್ಷದ ಬೆಳೆ ಹೋದಂತೆಯೇ ಎಂದ. ಅಂಗಡಿಗಳಲ್ಲಿ ಅಂಥ ಹಿಡಿಕೆ ಸಿಗಲಿಲ್ಲ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಖಾತೂನಬಿ ಎಂಬ ಐವತ್ತರ ಹೆಂಗಸು ಕೈಯಿಂದ ಒತ್ತುವ ಮಶೀನಿನಲ್ಲಿ ಹಿಡಿಕೆ ಮಾಡುತ್ತಾರೆ. ಒಡೆದ ಬಕೀಟಿನ ಮೆತ್ತನೆಯ ಪ್ಲಾಸ್ಟಿಕ್ಕು, ಇನ್ನೊಂದು ಗಡಸು ಜಾತಿಯದು, ಜೊತೆಗೆ ಜರಡಿ ಹಿಡಿದ ಕಟ್ಟಿಗೆ ಪುಡಿ. ಮೂರನ್ನೂ ಕಾಯಿಸಿ, ಬೆರೆಸಿ, ಅಚ್ಚಿಗೆ ಒತ್ತುವುದು.

ಇಬ್ಬರೂ ಅಲ್ಲಿಗೆ ಹೋದೆವು. ಶಿವಪ್ಪ ಮರಳಬೇಕಾದ ಬಸ್ಸಿನ ಹೊತ್ತಾಗುತ್ತಿತ್ತು. ಕಾವು ಹೆಚ್ಚಿಸಿದರೆ ಬೇಗ ಬೆರೆಯುತ್ತದೆ ಎಂದು ನಾನು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. (ಚಟ, ಏನು ಮಾಡುವುದು?) ಬೇಡವೆಂದು ಎರಡು ಸಲ ಹೇಳಿದ ಖಾತೂನಬಿ ಕೊನೆಗೆ ಹೀಟರ್ ಏರಿಸಿದರು. ಥಳಥಳ ಹೊಳೆಯುವ ಹಿಡಿಕೆ ಬಂತು. ಶಿವಪ್ಪ ತಿರುಚಿದ. ಲಟಕ್ಕನೆ ಮುರಿಯಿತು.

ಮುರಿದ ತುದಿಯನ್ನು ಖಾತೂನಬಿ ಬೆಳಕಿಗೆ ಹಿಡಿದರು. ಒಳಗೆಲ್ಲ ಕಪ್ಪು, ತೂತು ತೂತು.

“ಕಟ್ಟಿಗಿ ಪುಡಿ ಸುಟ್ಟೇತ್ರಿ ಸರ್. ಅದರ ಹೊಗಿ ಒಳಗ ಗುಳ್ಳಿ ಎಬ್ಬಿಸೇತಿ.”

ಹಾಗಾದರೆ ಕಾವು ಇಳಿಸೋಣವೇ ಎಂದೆ. ಅವರು ಮೂಲೆಯಿಂದ ಹಳೆಯದೊಂದು ಕೆಟ್ಟ ಹಿಡಿಕೆ ತಂದು ಉಗುರಿನಿಂದ ಕೆರೆದರು. ಉಳ್ಳಾಗಡ್ಡಿಯಂತೆ ಪದರು ಪದರಾಗಿ ಎದ್ದು ಬಂತು.

“ಕಾವು ಕಡಿಮಿ ಆದ್ರ ಗಡಸಂದು ಕರಗೂದಿಲ್ರಿ. ಎರಡೂ ಒಂದ ಮನ್ಯಾಗ ಇರ್ತಾವು, ಮಾತಾಡಂಗಿಲ್ಲ.”

ಸಂಯುಕ್ತ ವಸ್ತುವಿನ ಒಳರಚನೆಯನ್ನು ಇದಕ್ಕಿಂತ ಸರಳವಾಗಿ ಯಾವ ಪುಸ್ತಕ ಹೇಳೀತು?

ಮಶೀನಿಗೆ ಕಾವು ತೋರಿಸುವ ಮೀಟರ್ ಇರಲಿಲ್ಲ. ಕಬ್ಬಿಣದ ಕಡ್ಡಿ ಅದ್ದಿ ಎಳೆ ತೆಗೆಯುವುದು, ಅದು ಹರಿದರೆ ಮತ್ತೆ ಕಾಯುವುದು. ನಾನು ಗಡಿಯಾರ ನೋಡುತ್ತಿದ್ದೆ, ಅವರು ಎಳೆ ನೋಡುತ್ತಿದ್ದರು. ಹೊಸ ಬೆಲ್ಲದ ಬಣ್ಣದ ಎಳೆ ಮೊಳದುದ್ದ ಬಂದ ಮೇಲೆಯೇ ಒತ್ತಿದರು. ಈ ಸಲ ಶಿವಪ್ಪ ಮೈಭಾರವನ್ನೆಲ್ಲ ಹಾಕಿದ. ಹಿಡಿಕೆ ಮಿಸುಕಲಿಲ್ಲ.

ಮಧ್ಯಾಹ್ನದ ಬಸ್ ಸಿಕ್ಕಿತು. ಹೊತ್ತು ಮುಳುಗುವುದರೊಳಗೆ ಇಡೀ ತೋಟಕ್ಕೆ ಔಷಧಿ ಬಿತ್ತು. ಹೊಸ ಚಿಗುರು ಸ್ವಚ್ಛವಾಗಿದೆ ಎಂದು ನಿನ್ನೆ ಸುದ್ದಿ ಬಂತು.

ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಅಂದೇ ಖಾತೂನಬಿಯವರನ್ನು ಕೇಳಿದ್ದೆ.

“ಕೆಡಿಸಿ ಕೆಡಿಸಿ ಕಲ್ತೇನ್ರಿ.”

ಬಹಳ ಒತ್ತಾಯಿಸಿದ ಮೇಲೆ ಮೊನ್ನೆ ಅವರು ನಮ್ಮ ಕಾಲೇಜಿಗೆ ಬಂದು ಒಂದು ತಾಸು ಪಾಠ ಮಾಡಿದರು. ಕೊನೆಯ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡವನು ನಾನು.