ಕೇಬಲ್ ಬಿಗಿದಾಗ ‘ಸ್ಟಾಪ್’ ಎಂದ ಹುಡುಗಿ

ಎಂಬತ್ತರ ದಶಕದ ಕೊನೆಯ ವರ್ಷಗಳು. ವಾಯುಪಡೆಯಲ್ಲಿದ್ದ ನನ್ನನ್ನು ಸಿಕಂದರಾಬಾದಿನ ಒಂದು ಏರ್ ಕೆಡೆಟ್ ಸ್ಕ್ವಾಡ್ರನ್ನಿಗೆ ಗ್ಲೈಡಿಂಗ್ ಇನ್‌ಸ್ಟ್ರಕ್ಟರ್ ಆಗಿ ಕಳಿಸಿದ್ದರು. ಕಾಲೇಜು ಹುಡುಗ ಹುಡುಗಿಯರಿಗೆ ಎಂಜಿನ್ ಇಲ್ಲದ ವಿಮಾನ ಹಾರಿಸುವುದನ್ನು ಕಲಿಸುವ ಕೆಲಸ. ಇನ್ನು ಮಕ್ಕಳನ್ನು ಆಡಿಸಿಕೊಂಡಿರು ಎಂದು ಗೆಳೆಯರು ಕಾಲೆಳೆದರು. ನನಗೇನೂ ಬೇಸರವಾಗಲಿಲ್ಲ. ಚೆನ್ನಾಗಿ ಕಲಿಸಬಲ್ಲೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಮುಚ್ಚಿಡುವ ವಿನಯ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಗ್ಲೈಡರನ್ನು ಮೇಲೇರಿಸುವುದು ವಿಂಚ್ ಎಂಬ ಯಂತ್ರ. ಮೈದಾನದ ಆ ತುದಿಯಲ್ಲಿ ಅದು ಉಕ್ಕಿನ ಕೇಬಲನ್ನು ಸುತ್ತಿಕೊಳ್ಳತೊಡಗಿದರೆ ಈ ತುದಿಯ ಗ್ಲೈಡರ್ ಗಾಳಿಪಟದಂತೆ ಏರುತ್ತದೆ. ಹೊರಡುವಾಗ ಗ್ಲೈಡರ್ ವಾಲದಂತೆ ಒಬ್ಬ ಕೆಡೆಟ್ ರೆಕ್ಕೆಯ ತುದಿ ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ಓಡಬೇಕು. ಅಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿತ್ತು. ಯಾರಿಗೇ ಅನುಮಾನ ಬಂದರೂ, ನಿನ್ನೆ ಸೇರಿದ ಕೆಡೆಟ್ ಆದರೂ, ‘ಸ್ಟಾಪ್’ ಎಂದು ಕೂಗಬಹುದು. ಕೂಗಿದ ಕೂಡಲೇ ಕೇಬಲ್ ಕಳಚಬೇಕು. ಕೂಗಿದವರಿಗೆ ಮೊದಲು ಥ್ಯಾಂಕ್ಸ್, ಪ್ರಶ್ನೆ ಆಮೇಲೆ.

ಶೋಭಾ ಕಾಚಿಗೂಡದಿಂದ ಬರುತ್ತಿದ್ದ ಕೆಡೆಟ್. ಮನೆಯವರು ಗುಲಬರ್ಗಾ ಕಡೆಯವರು, ನಾನು ಬೀದರಿನವನು. ಹಾಗಾಗಿ ಮೈದಾನದಲ್ಲಿ ಹಿಂದಿ, ತೆಲುಗು ಏನೇ ನಡೆಯಲಿ, ನಮ್ಮಿಬ್ಬರ ಮಾತು ಕನ್ನಡದಲ್ಲೇ. ಸಂಕ್ರಾಂತಿ ಕಳೆದ ಆ ಭಾನುವಾರ ಅವಳು ಮೊದಲ ಬಾರಿಗೆ ಒಬ್ಬಳೇ ಹಾರಬೇಕಿತ್ತು. ಅದನ್ನು ಸೋಲೋ ಎನ್ನುತ್ತೇವೆ. ಮರುದಿನ ಗ್ಲೈಡರನ್ನು ವಾರ್ಷಿಕ ತಪಾಸಣೆಗೆ ಬಿಚ್ಚುವುದಿತ್ತು. ಅದು ಮರಳುವಷ್ಟರಲ್ಲಿ ಅವಳ ಡಿಗ್ರಿ ಮುಗಿದು ಕೆಡೆಟ್ ಅವಧಿಯೂ ತೀರುತ್ತಿತ್ತು. ಆ ದಿನ ತಪ್ಪಿದರೆ ಸೋಲೋ ತಪ್ಪಿದಂತೆಯೇ.

ಅದೇ ದಿನ ಗ್ರೂಪ್ ಕಮಾಂಡರ್ ಸಾಹೇಬರು ತಪಾಸಣೆಗೆ ಬಂದರು. ಮೊದಲ ಹಾರಾಟ ಅವರದೇ ಆಗಬೇಕೆಂದರು. ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ರೆಕ್ಕೆ ಹಿಡಿದವಳು ಶೋಭಾ. ಕೇಬಲ್ ಬಿಗಿಯಾಯಿತು. ಇನ್ನೇನು ಹೊರಡಬೇಕು, “ಸ್ಟಾಪ್” ಎಂದಳು.

ನಾನು ಕೇಬಲ್ ಕಳಚಿದೆ. ಥ್ಯಾಂಕ್ಸ್ ಹೇಳಿ, “ಏನ್ ಕಾಣಿಸ್ತವ್ವಾ?” ಎಂದು ಕೇಳಿದೆ.

“ಮಾಂಜಾ ರೀ ಸರ್. ಬಾಲದ ಹತ್ರ ಫಳಕ್ಕಂತು.”

ಹಬ್ಬದ ಗಾಳಿಪಟಗಳಿಂದ ಕಡಿದುಬಿದ್ದ ಮಾಂಜಾ, ಅಂದರೆ ಗಾಜಿನ ಪುಡಿ ಹಚ್ಚಿದ ದಾರ, ಆ ವಾರವಿಡೀ ಮೈದಾನದಲ್ಲಿ ಸಿಗುತ್ತಿತ್ತು. ಅದು ಬಾಲದ ಕೀಲುಗಳಿಗೆ ಸುತ್ತಿಕೊಂಡರೆ ಗ್ಲೈಡರ್ ಹೇಳಿದ ಮಾತು ಕೇಳುವುದಿಲ್ಲ. ಎಲ್ಲರೂ ಹುಡುಕಿದೆವು. ಏನೂ ಸಿಗಲಿಲ್ಲ. ಮತ್ತೆ ಕೂತೆವು, ಮತ್ತೆ ಕೇಬಲ್ ಬಿಗಿಯಿತು, ಮತ್ತೆ “ಸ್ಟಾಪ್”.

ಈ ಸಲ ಸಿಕ್ಕಿತು. ಜೇಡರ ನೂಲು. ಚಳಿಗಾಲದ ಬೆಳಿಗ್ಗೆ ಹುಲ್ಲಿನಿಂದೆದ್ದು ಗಾಳಿಯಲ್ಲಿ ತೇಲುವ ಎಳೆ, ಬಿಸಿಲಿಗೆ ಹೊಳೆಯುತ್ತಿತ್ತು. ಕೆಡೆಟ್‌ಗಳು ಬಿದ್ದು ಬಿದ್ದು ನಕ್ಕರು. ಸಾಹೇಬರು ಬೆಲ್ಟ್ ಬಿಚ್ಚಿ ಇಳಿದರು. ಇಷ್ಟು ಪುಕ್ಕಲು ಹುಡುಗಿಯನ್ನು ಒಬ್ಬಳೇ ಹಾರಲು ಬಿಡುವುದು ಸರಿಯಲ್ಲ ಎಂದು ಎಲ್ಲರೆದುರು ಹೇಳಿದರು. ಅದು ಆಜ್ಞೆಯಲ್ಲ, ಅಭಿಪ್ರಾಯ. ಸೋಲೋಗೆ ಬಿಡುವ ಅಧಿಕಾರ ಇನ್‌ಸ್ಟ್ರಕ್ಟರನದು ಮಾತ್ರ. ಆದರೂ ಅಷ್ಟು ದೊಡ್ಡವರ ಅಭಿಪ್ರಾಯವನ್ನು ಮೀರುವುದು ಸುಲಭವಲ್ಲ, ಮೇಲಾಗಿ ನನಗೂ ಪಿತ್ತ ನೆತ್ತಿಗೇರಿತ್ತು.

ಶೋಭಾಳನ್ನು ಪಕ್ಕಕ್ಕೆ ಕರೆದೆ. ಅವಳ ಕಣ್ಣು ತುಂಬಿತ್ತು.

“ಮೂರನೇ ಸಲಾನೂ ಕಂಡ್ರ ಏನ್ ಮಾಡ್ತಿ?”

“ನಿಲ್ಲಸ್ತೀನ್ರಿ ಸರ್.”

“ಎಲ್ಲಾರೂ ನಗಾಕತ್ತಾರಲ್ಲ?”

“ನಗಲಿ ಬಿಡ್ರಿ. ಒಳಗ ನೀವು ಕುಂತಿರ್ತೀರಿ.”

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಎಷ್ಟೋ ಜಾಣ ಕೆಡೆಟ್‌ಗಳನ್ನು ಕಂಡಿದ್ದೆ. ಎರಡು ಸಲ ನಗೆಪಾಟಲಾಗಿಯೂ ಮೂರನೆಯದಕ್ಕೆ ಸಿದ್ಧವಿದ್ದವರನ್ನು ಕಂಡಿರಲಿಲ್ಲ. ಸಾಹೇಬರ ಮುಂದೆ ಹೋಗಿ ಸೆಲ್ಯೂಟ್ ಹೊಡೆದು, ಶೋಭಾ ಈಗಲೇ ಸೋಲೋ ಹೋಗುತ್ತಾಳೆ, ಜವಾಬ್ದಾರಿ ನನ್ನದು ಎಂದೆ. ಅವರು ಹೋಗಿ ಕುರ್ಚಿಯಲ್ಲಿ ಕುಳಿತರು.

ಅವಳು ಹತ್ತಿ ಕೂತಳು. ಕೇಬಲ್ ಬಿಗಿಯಿತು. ನಾನು ನೋಡುತ್ತಿದ್ದಂತೆ ಒಳಗಿಂದಲೇ ಕೈ ಎತ್ತಿ, ಹಳದಿ ಹಿಡಿ ಎಳೆದು ಕೇಬಲನ್ನು ತಾನೇ ಕಳಚಿಬಿಟ್ಟಳು. ಯಾರೋ ಹಿಂದೆ ಕಿಸಕ್ಕೆಂದರು. ನಾನು ಓಡಿದೆ.

“ಏರ್‌ಬ್ರೇಕ್ ಲಾಕ್ ಮಾಡೀನೋ ಇಲ್ಲೋ ಅನುಮಾನ ಬಂತ್ರಿ.”

ರೆಕ್ಕೆಯ ಮೇಲೆದ್ದು ಗ್ಲೈಡರನ್ನು ಕೆಳಗಿಳಿಸುವ ಆ ಬ್ರೇಕ್ ಲಾಕ್ ಆಗಿಯೇ ಇತ್ತು. ಮೈದಾನಕ್ಕೆಲ್ಲ ಕೇಳುವಂತೆ ಥ್ಯಾಂಕ್ಸ್ ಹೇಳಿ ಬಂದೆ. ಮುಂದಿನ ಸಲ ಅವಳು ನೆಟ್ಟಗೆ ಮೇಲೇರಿದಳು, ಮೈದಾನಕ್ಕೆ ಒಂದು ಸುತ್ತು ಹಾಕಿ ಹೂವಿನಂತೆ ಇಳಿದಳು. ನಕ್ಕವರೇ ಅವಳನ್ನು ಹೆಗಲ ಮೇಲೆ ಹೊತ್ತು ತಂದರು. ನನಗೆ ಹೆಮ್ಮೆಯೋ ಹೆಮ್ಮೆ.

ಸಾಹೇಬರ ಹಾರಾಟ ಇನ್ನೂ ಬಾಕಿಯಿತ್ತು. ಅವರು ಎದ್ದು ಬಂದು ಕೂತು, ಬೆಲ್ಟ್ ಬಿಗಿದುಕೊಂಡರು. ಬೇರೊಬ್ಬ ಹುಡುಗ ರೆಕ್ಕೆ ಹಿಡಿಯಲು ಬಂದ. ಅವನನ್ನು ತಡೆದು ಹಿಂದಿಯಲ್ಲಿ ನನಗೆ ಹೇಳಿದರು: “ಆ ಹುಡುಗಿಯನ್ನೇ ಕರೆಯಿರಿ. ನನಗೇನೂ ಅವಸರವಿಲ್ಲ.”

ಆ ದಿನ ಮೂರು ಸಲವೂ ನಿಲ್ಲಿಸುವ ಅಗತ್ಯವಿರಲಿಲ್ಲ. ಆದರೆ ಸುಮ್ಮನೆ ಕೂಗಿದವರನ್ನು ನಾವು ಗದರಿಸಿದ್ದರೆ, ನಿಜಕ್ಕೂ ಕೂಗಬೇಕಾದ ದಿನ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಾರುವುದನ್ನು ನಾನು ನೂರಾರು ಮಕ್ಕಳಿಗೆ ಕಲಿಸಿದ್ದೇನೆ. ಎಲ್ಲರೆದುರು ನಿಲ್ಲಿಸುವುದನ್ನು ನನಗೆ ಕಲಿಸಿದವಳು ಶೋಭಾ.