ಪರದೆ ಬದಿಗೆ ನಿಂತ ಬೀರಾ

"ಅಲ್ಲ ಮಾರಾಯ, ನಾಡಿದ್ದಿಂದ ಬೀರಾ ಬಾಯಿ ಮುಚ್ಕಂಡು ಕೂರೂದಂತೆ."

ಗಾಡಿ ಹೊಡೆಯೋ ಹುಲಿಯಾ ಹಳ್ಳದ ದಾರೀಲಿ ನಂಗೆ ಹೇಳ್ತಾನೆ. ಊರೂರು ಸುತ್ತೋ ಅಂಕೋಲೆ ಟೆಂಟಿಗೆ ಮಾತಾಡೋ ಸಿನೆಮಾ ಬರ್ತದಂತೆ. ಚಿತ್ರವೇ ಮಾತಾಡ್ತದೆ ಅಂದ್ಮೇಲೆ ಕಥೆ ಹೇಳೂಕೆ ಬೀರಾ ಯಾಕೆ? ಆರು ವರ್ಷದ ಕೆಲಸ ಹೋಯ್ತು.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀರಾ ಸೊಂಟಮಟ ನೀರಲ್ಲಿ ನಿಂತು ಸಿನೆಮಾದ ಪರದೆ ಒಗೀತಿದ್ದಾನೆ. ಹನ್ನೆರಡು ಮೊಳದ ಬಿಳಿ ಬಟ್ಟೆ. ಟೆಂಟು ಹದಿನೈದು ದಿನ ಕಾರವಾರದ ಕಡಲ ದಂಡೆ ಮೇಲಿದ್ದು ಈಗ ಈ ಊರಿಗೆ ವಾಪಸ್ ಬಂದಿದೆ, ಉಪ್ಪುಗಾಳಿಗೆ ಬಟ್ಟೆ ಹಳದಿಯಾಗಿದೆ. "ಒಗೀದೇ ಬಿಟ್ರೆ ರಾಜಕುಮಾರಿಗೆ ಕಾಮಾಲೆ ಆದಂಗೆ ಕಾಣ್ತದೆ" ಅಂತಾನೆ.

ಬೀರಾ ಇಲ್ಲೇ ರಾಮನಗುಳಿಯ ಗದ್ದೆ ಕೂಲಿಯವ. ಓದು ಬರೂದಿಲ್ಲ. ಮಷಿನ್ ತಿರುಗಿಸೋ ದೇವಿದಾಸ ಮೊದಲೇ ಕಥೆ ಹೇಳಿಕೊಡ್ತಾನೆ. ಸಂಜೆ ಬೀರಾ ಬಿದಿರು ಕೋಲು ಹಿಡಿದು ಪರದೆ ಬದಿಗೆ ನಿಂತು, ದನಿಯಿಲ್ಲದೇ ಪಟಪಟ ತುಟಿ ಆಡಿಸೋ ಬಿಳಿಯರಿಗೆಲ್ಲ ನಮ್ಮ ಮಾತು ಕೊಡ್ತಾನೆ. ದಿನಕ್ಕೆ ಎರಡಾಟ, ಆಟಕ್ಕೆ ಎಂಟು ಸುರುಳಿ ಫಿಲ್ಮು. ರಾಜನೂ ಅವನೇ, ಅಳೋ ಹೆಂಗಸೂ ಅವನೇ. ಟೆಂಟಿನ ಜಾಹೀರಾತಲ್ಲಿ ಮಾತ್ರ ಅವನ ಹೆಸರಿಲ್ಲ.

ಈ ವರ್ಷ ಜನ ಮುಗಿಬಿದ್ದು ನೋಡಿದ್ದು ಉಕ್ಕಿನ ಅಂಗಿ ತೊಟ್ಟ ಸವಾರನ ಚಿತ್ರ. ಬೆಂಕಿ ಉಗುಳಿ ಊರು ಸುಡೋ ದೊಡ್ಡ ಪ್ರಾಣಿ ಎದುರು ಅವನೊಬ್ಬನೇ ಈಟಿ ಹಿಡಿದು ನಿಲ್ತಾನೆ. ನೋಡಿದವರು ಎದೆ ಸೆಟೆಸ್ಕಂಡೇ ಹೊರಗೆ ಬರ್ತಾರೆ. ಜಂಗಲ್ ಗಾರ್ಡ್ ಕಂಡ್ರೆ ಗಾಡಿ ಇಳಿದು ಕೈ ಮುಗೀತಿದ್ದ ಹುಲಿಯಾ ಈಗ ಇಳಿಯೂದಿಲ್ಲ. "ಆ ಹುಡ್ಗ ಬೆಂಕಿಗೇ ಹೆದ್ರಲಿಲ್ಲ, ನಾನು ಗಾರ್ಡಿನ ಮೀಸೆಗೆ ಹೆದ್ರೂದಾ?"

ಬೀರಾ ಮಾತ್ರ ನಗೂದಿಲ್ಲ. ಹಳ್ಳದ ಆಚೆ ದಡದಲ್ಲಿ ಒಬ್ಳು ಪಾತ್ರೆ ತಿಕ್ತಿದ್ದಾಳೆ. ಸುಗಂಧಾ, ಅವನ ತಂಗಿ. ಐದು ತಿಂಗಳಿಂದ ಇಬ್ಬರಿಗೂ ಮಾತಿಲ್ಲ.

ಆ ಚಿತ್ರದ ಮೊದಲ ಆಟ ಇಲ್ಲೇ ಆಗಿದ್ದು. ಸುಗಂಧಾ ಏಳು ತಿಂಗಳ ಬಸುರಿ, ಮುಂದೇ ಕೂತಿದ್ಳು. ಗವಿಯಿಂದ ಪ್ರಾಣಿಯ ಕುತ್ತಿಗೆ ಹೊರಗೆ ಬಂತು. ಬೀರಾ ಕೋಲು ತೋರಿಸಿ, ಸರ್ಪ ಬಂತು, ಈಗ ಸವಾರ ಅದನ್ನ ಕೊಲ್ತಾನೆ ನೋಡಿ ಅಂದ. ನಾಗರನ್ನ ಕೊಲ್ಲೂದನ್ನ ನಮ್ಮಲ್ಲಿ ಯಾರು ಕೂತು ನೋಡ್ತಾರೆ? ಅರ್ಧ ಟೆಂಟು ಕೈ ಮುಗಿದು ಎದ್ದಿತು. ಸುಗಂಧಾ ಸೆರಗಿಂದ ಕಣ್ಣು ಮುಚ್ಕಂಡು ಹೊರಗೆ ಹೋದ್ಳು. ದೇವಿದಾಸ ಮಷಿನ್ ನಿಲ್ಲಿಸಿದ. ಬೀರಾ, ಇದು ಸರ್ಪ ಅಲ್ಲ, ಬೇರೆ ಪ್ರಾಣಿ ಅಂತ ತಿದ್ದಿ ಹೇಳಿದ ಮೇಲೇ ಉಳಿದವರು ಕೂತಿದ್ದು. ಅವಳು ವಾಪಸ್ ಬರಲಿಲ್ಲ. ಹದಿನೈದು ದಿನಕ್ಕೆ ಮಗು ಹುಟ್ಟಿತು, ಉಳೀಲಿಲ್ಲ. ಸರ್ಪದೋಷ ಅಂದ್ರು ಮನೇಲೆಲ್ಲ.

"ದೇವಿದಾಸ ನಂಗೆ ಸರ್ಪ ಅಂತ ಹೇಳೇ ಇರ್ಲಿಲ್ಲ" ಬಟ್ಟೆ ಹಿಂಡ್ತಾ ಬೀರಾ ಹೇಳ್ತಾನೆ. "ಜನ ಹೌಹಾರ್ಲಿ ಅಂತ ನಾನೇ ಸೇರ್ಸಿದ್ದು. ಒಂದು ಚಪ್ಪಾಳೆ ಹೆಚ್ಚು ಬೇಕಿತ್ತು ನಂಗೆ. ಅದಕ್ಕೆ ನಾಲ್ಕು ಕಾಲಿತ್ತು, ರೆಕ್ಕೆ ಇತ್ತು. ಅವ್ಳು ನೋಡ್ಲೇ ಇಲ್ಲ, ನನ್ನ ಮಾತು ನಂಬಿದ್ಳು."

ನಾಳೆ ಮಧ್ಯಾಹ್ನದ ಮೋಟಾರಿಗೆ ಆ ಸುರುಳಿಗಳು ವಾಪಸ್ ಹೋಗ್ತವೆ, ಮತ್ತೆ ಈ ಊರಿಗೆ ಬರೂದಿಲ್ಲ. ಬೀರಾ ಈಚೆ ದಡದಿಂದಲೇ ತಂಗಿಗೆ ಅದನ್ನ ಹೇಳ್ತಾನೆ. ಆಟ ನೋಡೂದು ಬೇಡ, ದೇವಿದಾಸನ ಹತ್ರ ಕೇಳಿಟ್ಟಿದ್ದೇನೆ, ಬೆಳಿಗ್ಗೆ ಫಿಲ್ಮು ಬಿಚ್ಚಿ ಬಿಸಿಲಿಗೆ ಹಿಡೀತಾನೆ, ಬಂದು ಆ ಪ್ರಾಣಿಯ ಕಾಲು ಎಣಿಸು ಅಂತಾನೆ. ಅವಳು ಪಾತ್ರೆ ಎಲ್ಲ ತೊಳೆದು ಬುಟ್ಟಿಗೆ ತುಂಬ್ತಾಳೆ, ಬುಟ್ಟಿ ಸೊಂಟಕ್ಕೆ ಏರಿಸ್ತಾಳೆ. ನಾಲ್ಕು ಹೆಜ್ಜೆ ಹೋಗಿ ನಿಲ್ತಾಳೆ.

"ನಾಳೆ ಬಿಸಿಲು ಬಿದ್ದ ಕೂಡ್ಲೇ ಟೆಂಟಿನ ಹತ್ರ ಬರ್ತೆ, ಅಣ್ಣಾ. ನೀನು ಏನೂ ಹೇಳ್ಬೇಡ. ನಾನೇ ನೋಡ್ತೆ."